ನೆಪೋಲಿಯನ್ನನ ಈಜಿಪ್ಟ್ ಯುದ್ಧವನ್ನು ಅರಬ್ಬಿಯಲ್ಲಿ ಓದಿದ್ದು

1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಒಂದು ಪತ್ರ ಬರೆದ. ಅದು ಶ್ರೀರಂಗಪಟ್ಟಣ ಮುಟ್ಟಲೇ ಇಲ್ಲ, ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಆ ಪತ್ರದ ಬೆನ್ನು ಹತ್ತಿಯೇ ನಾನು ಈಜಿಪ್ಟಿನ ಯುದ್ಧದ ಕಡೆ ಬಂದದ್ದು. ಫ್ರೆಂಚರು, ಬ್ರಿಟಿಷರು ಬರೆದದ್ದು ರಾಶಿ ಇದೆ. ಆದರೆ ಯಾರ ಊರಿನ ಮೇಲೆ ಸೈನ್ಯ ಬಂದು ಬಿತ್ತೋ ಅವರು ಏನು ಬರೆದಿಟ್ಟರು ಅಂತಲೂ ನೋಡಬೇಕಲ್ವಾ? ನನಗೆ ಅರಬ್ಬಿ ಓದಲು ಬರುತ್ತಿತ್ತು, ಕೂತು ಓದಿದೆ.

ಅಲ್ಲಿ ಸಿಕ್ಕವನು ಅಬ್ದುಲ್ ರಹಮಾನ್ ಅಲ್ ಜಬರ್ತಿ. ಕೈರೋದ ವಿದ್ವಾಂಸ. ಫ್ರೆಂಚರಿದ್ದ ಮೂರು ವರ್ಷವನ್ನು ಕಣ್ಣಾರೆ ಕಂಡವನು. ಅದನ್ನು ಅವನು ಮೂರು ಸಲ ಬರೆದ. ಮೊದಲನೆಯದು ಅವರು ಬಂದ ಹೊಸತರಲ್ಲಿ. ಎರಡನೆಯದು 1801ರಲ್ಲಿ, ಅವರು ಹೋದ ಮೇಲೆ, ಈಜಿಪ್ಟ್ ಯಾರ ಸಾಮ್ರಾಜ್ಯಕ್ಕೆ ಸೇರಿತ್ತೋ ಆ ಒಟ್ಟೋಮನ್ ತುರ್ಕರ ವಜೀರನಿಗೆ ಒಪ್ಪಿಸುವುದಕ್ಕೆ. ಮೂರನೆಯದು ಇನ್ನೂ ಕೆಲವು ವರ್ಷ ಬಿಟ್ಟು, ತನ್ನ ದೊಡ್ಡ ಇತಿಹಾಸದ ಭಾಗವಾಗಿ.

ಈ ದೊಡ್ಡ ಇತಿಹಾಸವನ್ನು ಕೈರೋ ಪಕ್ಕದ ಬೂಲಾಕ್‌ನ ಅಚ್ಚುಕೂಟದಲ್ಲಿ ಅಚ್ಚು ಹಾಕಿದ ಹಳೆಯ ಮುದ್ರಣದಲ್ಲಿ ಪೂರ್ಣವಿರಾಮವೇ ಇಲ್ಲ. ಹಾಗಾಗಿ ನಾನು ದಿನಾಂಕ ಹಿಡಿದುಕೊಂಡು ಓದಿದೆ. ದಿನಾಂಕಗಳೆಲ್ಲ ಹಿಜರಿಯವು, ಅಂದರೆ ಇಸ್ಲಾಮಿ ಪಂಚಾಂಗದವು. ಲೆಕ್ಕ ಹಾಕಿದರೆ ಒಂದು ದಿನ ಆಚೀಚೆ ಆಗುವುದುಂಟು. ಆಗ ಕೈ ಹಿಡಿಯುವುದು ವಾರ. ಇಂಬಾಬದ ಕಾಳಗ (ಪಿರಮಿಡ್ಡುಗಳ ಯುದ್ಧ ಅನ್ನುವುದು ಇದನ್ನೇ) 1213ರ ಸಫರ್ ತಿಂಗಳ 7, ಶನಿವಾರ ಅಂತ ಜಬರ್ತಿ ಬರೆಯುತ್ತಾನೆ. ನಮ್ಮ ಲೆಕ್ಕದಲ್ಲಿ 1798ರ ಜುಲೈ 21. ಅದೂ ಶನಿವಾರವೇ. ಇನ್ನೊಂದು ವಿಷಯ: ಅವರಿಗೆ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಮಂಗಳವಾರದ ರಾತ್ರಿ ಅಂತ ಇದ್ದರೆ ನಮಗೆ ಅದು ಸೋಮವಾರ ರಾತ್ರಿ. ಸೈನ್ಯ ರಾತ್ರೋರಾತ್ರಿ ಹೊರಟ ಕಡೆಯಲ್ಲೆಲ್ಲ ಇದನ್ನು ನೋಡಿಕೊಳ್ಳಲೇಬೇಕು.

ಆಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ, ಒಂದೇ ಘಟನೆಯನ್ನು ಮೂರೂ ಪುಸ್ತಕದಿಂದ ಪಕ್ಕಪಕ್ಕ ಬರೆದುಕೊಂಡೆ. ವಜೀರನಿಗೆ ಕೊಟ್ಟ ಪುಸ್ತಕದಲ್ಲಿ ಫ್ರೆಂಚರ ಮೇಲೆ ಬೈಗುಳ ಜಾಸ್ತಿ. ಇಲ್ಲಿ ಗಮನಿಸಬೇಕಾದ್ದು, ಫ್ರೆಂಚ್ ಸೇನಾಪತಿ ಮೆನು ನೇಮಿಸಿದ ಸ್ಥಳೀಯರ ದಿವಾನ್ ಸಭೆಯಲ್ಲಿ ಜಬರ್ತಿಯೂ ಒಬ್ಬ ಸದಸ್ಯನಾಗಿದ್ದ. ಒಟ್ಟೋಮನ್ನರು ವಾಪಸ್ ಬಂದ ಮೇಲೆ ಆ ಗುರುತು ಅವನಿಗೆ ಅಪಾಯವೇ. ಅಷ್ಟಕ್ಕೇ ಅವನನ್ನು ಸುಳ್ಳುಗಾರ ಅನ್ನಲು ನನಗೆ ಮನಸ್ಸಿಲ್ಲ. ಜೀವ ಉಳಿಸಿಕೊಳ್ಳಬೇಕಾದ ಮನುಷ್ಯ ಬರೆದದ್ದನ್ನು ಹಾಗೆಯೇ ಓದಬೇಕು, ಯಾರಿಗೆ ಬರೆದ, ಯಾವಾಗ ಬರೆದ ಅಂತ ಪ್ರತಿ ಪುಟದಲ್ಲೂ ಕೇಳಿಕೊಂಡು.

ದೊಡ್ಡ ಇತಿಹಾಸದಲ್ಲಿ ಆ ಕಾವು ಇಳಿದಿದೆ. ಫ್ರೆಂಚರು ಕೂಲಿಯವರಿಗೆ ವಾಡಿಕೆಗಿಂತ ಹೆಚ್ಚು ಕೂಲಿ ಕೊಟ್ಟದ್ದನ್ನು ಅಲ್ಲಿ ಬರೆಯುತ್ತಾನೆ. ಮಣ್ಣು ಸಾಗಿಸುವ ಕೈಗಾಡಿಯನ್ನು ಎಷ್ಟು ಚೆನ್ನಾಗಿ ನೋಡಿದ್ದಾನೆ! ಮುಂದೆ ಒಂದೇ ಚಕ್ರ, ಹಿಂದೆ ಹಿಡಿದು ತಳ್ಳಲು ಎರಡು ಉದ್ದದ ಹಿಡಿ. ಒಬ್ಬನೇ ಆಳು ಐದು ಬುಟ್ಟಿಯಷ್ಟು ಮಣ್ಣು ಸಾಗಿಸಬಹುದು. ಯುದ್ಧದ ನಡುವೆ ಒಬ್ಬ ಶೇಖ್ ನಿಂತು ಇದನ್ನು ನೋಡಿ ಬರೆದಿಟ್ಟದ್ದು ನನಗೆ ಬಹಳ ಇಷ್ಟ.

1800ರ ಜೂನ್ 14ರಂದು, ಮೆನುಗಿಂತ ಮೊದಲು ಫ್ರೆಂಚ್ ಸೇನಾಪತಿಯಾಗಿದ್ದ ಕ್ಲೆಬರ್‌ನನ್ನು ಸುಲೈಮಾನ್ ಅಲ್ ಹಲಬಿ ಚೂರಿಯಿಂದ ಇರಿದು ಕೊಂದ. ಫ್ರೆಂಚರು ವಿಚಾರಣೆಯ ಕಾಗದಗಳನ್ನು ಅರಬ್ಬಿಯಲ್ಲೂ ಅಚ್ಚು ಹಾಕಿಸಿದರು. ಅದರ ಭಾಷೆ ಸರಿಯಿಲ್ಲ ಅಂತ ಹೇಳಿಯೂ ಜಬರ್ತಿ ಅದನ್ನೆಲ್ಲ ನಕಲು ಮಾಡಿ ಸೇರಿಸಿದ್ದಾನೆ. ಸಿಕ್ಕಿಬಿದ್ದವನನ್ನು ತಕ್ಷಣ ಕೊಲ್ಲದೆ ವಿಚಾರಣೆ ಮಾಡಿದರಲ್ಲ, ಆ ಕ್ರಮ ಜಬರ್ತಿಯನ್ನು ತಟ್ಟಿತ್ತು. ಅದೇ ಮನುಷ್ಯ, 1798ರ ಅಕ್ಟೋಬರಿನ ದಂಗೆಯಲ್ಲಿ ಫ್ರೆಂಚರು ಕುದುರೆ ಸಮೇತ ಅಲ್ ಅಜ್ಹರ್ ಮಸೀದಿಗೆ ನುಗ್ಗಿದ್ದನ್ನೂ ಮರೆತಿಲ್ಲ.

ಒಬ್ಬನನ್ನೇ ನಂಬಿ ಕೂರಬಾರದು ಅಂತ ನಿಕೋಲಾ ತುರ್ಕ್‌ನನ್ನೂ ಹಿಡಿದಿದ್ದೇನೆ. ಇವನು ಕ್ರೈಸ್ತ, ಲೆಬನಾನಿನ ಅಮೀರ್ ಬಶೀರನ ಕಡೆಯವನು, ಬರೆದದ್ದು ಅರಬ್ಬಿಯಲ್ಲೇ. 1800ರ ಎರಡನೇ ಕೈರೋ ದಂಗೆಗೆ ಈಗ ಇಬ್ಬರನ್ನೂ ಪಕ್ಕದಲ್ಲಿಟ್ಟುಕೊಂಡು ಕೂತಿದ್ದೇನೆ. ಬೂಲಾಕ್ ಸುಟ್ಟುಹೋದ ಪುಟಗಳಿಗೆ ಬಂದಿದ್ದೇನೆ.