ಚಳಿದೇಶದಲ್ಲಿ ಓದುವ ಮಕ್ಕಳಿಗೆ: ಮೈಯೂ ಒಣಗಿರಲಿ, ಕೋಣೆಯೂ ಒಣಗಿರಲಿ

ವಿದೇಶಕ್ಕೆ ಓದಲು ಹೊರಟ ಮಕ್ಕಳು ಚಳಿ ಅಂದ ಕೂಡಲೇ ಕೇಳುವುದು ಒಂದೇ, ಎಷ್ಟು ದಪ್ಪದ ಜಾಕೆಟ್ ತಗೊಳ್ಳಬೇಕು ಅಂತ. ಜಾಕೆಟ್ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಹಲವು ವರ್ಷ ಚಳಿದೇಶದಲ್ಲಿ ಸಂಸಾರ ಮಾಡಿ, ಓದಲು ಬಂದ ಎಷ್ಟೋ ಮಕ್ಕಳನ್ನು ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಬೇರೆ. ಮಕ್ಕಳನ್ನು ಹಣ್ಣು ಮಾಡುವುದು ಬರೀ ಚಳಿಯಲ್ಲ, ಒದ್ದೆ. ಒದ್ದೆ ಬನಿಯನ್, ಒದ್ದೆ ಸಾಕ್ಸ್, ಒದ್ದೆ ಗೋಡೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಇದೊಂದು ನೆನಪಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಮೊದಲು ಮೈಗೆ ತಾಗುವ ಬಟ್ಟೆ. ಹತ್ತಿ ಬನಿಯನ್ ಬೇಡ. ಹತ್ತಿ ಬೆವರು ಕುಡಿದು ಹಾಗೇ ಇಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ತೆಳ್ಳಗಿನ ಉಣ್ಣೆಯದೋ ಪಾಲಿಯೆಸ್ಟರಿನದೋ ಥರ್ಮಲ್ ಅನ್ನುವ ಒಳಬಟ್ಟೆ ಹಾಕಿ. ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್, ಎಲ್ಲದರ ಮೇಲೆ ಗಾಳಿ, ಮಳೆ ತಡೆಯುವ ಜಾಕೆಟ್. ಒಂದೇ ದಪ್ಪ ಕೋಟಿಗಿಂತ ಈ ಮೂರು ಪದರ ವಾಸಿ, ಯಾಕಂದರೆ ಬೇಕಾದಾಗ ಒಂದನ್ನು ಕಳಚಬಹುದು. ಜಾಕೆಟ್ ಆರಿಸುವಾಗ ಊರಿನ ಹವೆ ನೋಡಿ. ಕೆನಡಾದ ವಿನಿಪೆಗ್‌ನಂಥ ಒಣ ಚಳಿಗೆ ಹಕ್ಕಿಯ ಪುಕ್ಕ ತುಂಬಿದ ಡೌನ್ ಜಾಕೆಟ್ ಬಹಳ ಒಳ್ಳೆಯದು. ಬ್ರಿಟನ್, ಐರ್ಲೆಂಡಿನಲ್ಲಿ ಹಿಮಕ್ಕಿಂತ ಮಳೆಯೇ ಜಾಸ್ತಿ. ಪುಕ್ಕ ನೆನೆದರೆ ಮುದ್ದೆಯಾಗಿ ಬಿಸಿ ಹಿಡಿಯುವುದನ್ನೇ ಬಿಡುತ್ತದೆ. ಅಲ್ಲಿ ನೀರು ತಡೆಯುವ ಹೊರಪದರಕ್ಕೆ ದುಡ್ಡು ಹಾಕಿ.

ಕ್ಲಾಸಿಗೆ ಹೋದ ತಕ್ಷಣ ಜಾಕೆಟ್, ಟೊಪ್ಪಿ, ಮಫ್ಲರ್ ಎಲ್ಲ ತೆಗೆದುಬಿಡಿ. ಒಳಗೆ ಹೀಟಿಂಗ್ ಜೋರಾಗಿರುತ್ತದೆ. ಸಂಕೋಚಪಟ್ಟು ಹಾಗೇ ಕೂತರೆ ಗೊತ್ತಿಲ್ಲದೆ ಬೆವರುತ್ತೀರಿ, ಮತ್ತೆ ಹೊರಗೆ ಕಾಲಿಟ್ಟಾಗ ಆ ಬೆವರೇ ತಣ್ಣಗಾಗಿ ಬೆನ್ನು ಕೊರೆಯುತ್ತದೆ. ತಲೆಸ್ನಾನ ಮಾಡಿ ಹಸಿ ಕೂದಲಲ್ಲಿ ಬಸ್ ಹಿಡಿಯಲು ಓಡುವುದೂ ಬೇಡ. ಮನೆಯಿಂದ ಹೊರಡುವಾಗ ಸ್ವಲ್ಪ ಚಳಿ ಅನಿಸಿದರೆ ಅದೇ ಸರಿ. ಐದು ನಿಮಿಷ ನಡೆದರೆ ಮೈ ತಾನೇ ಬಿಸಿಯಾಗುತ್ತದೆ.

ಶೂ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ನೀರು ಒಳಗೆ ಬರಬಾರದು, ಅಡಿ ಜಾರಬಾರದು, ಒಳಗೆ ಬೆರಳು ಆಡಿಸಲು ಜಾಗ ಇರಬೇಕು. ಚಳಿ ಅಂತ ಎರಡು ಜೊತೆ ಸಾಕ್ಸ್ ತುರುಕಿದರೆ ಕಾಲಿಗೆ ರಕ್ತ ಸರಿಯಾಗಿ ಹರಿಯದೆ ಇನ್ನೂ ಬೇಗ ಮರಗಟ್ಟುತ್ತದೆ. ಒಂದೇ ಜೊತೆ, ಉಣ್ಣೆಯದು, ದಪ್ಪಗಿನದು ಸಾಕು. ಇನ್ನೊಂದು ಜೊತೆ ಒಣ ಸಾಕ್ಸ್ ಯಾವಾಗಲೂ ಬ್ಯಾಗಿನಲ್ಲಿ ಇರಲಿ. ನೆನೆದ ಶೂವನ್ನು ಹೀಟರಿಗೆ ಒತ್ತಿ ಇಡಬೇಡಿ, ಚರ್ಮ ಬಿರಿಯುತ್ತದೆ. ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ತುರುಕಿ, ಒಂದೆರಡು ಸಲ ಬದಲಿಸಿ. ಬೆಳಗಾಗುವಷ್ಟರಲ್ಲಿ ಬಹುಪಾಲು ಒಣಗುತ್ತದೆ. ರಸ್ತೆಗೆ ಸುರಿದ ಉಪ್ಪು ಶೂ ಮೇಲೆ ಬಿಳಿ ಕಲೆ ಬಿಡುತ್ತದಲ್ಲ, ಅದನ್ನು ಸ್ವಲ್ಪ ವಿನೆಗರ್ ಬೆರೆಸಿದ ನೀರಲ್ಲಿ ಒರೆಸಿ. ಬೆರಳಿಗೆ ತೀರಾ ಚಳಿಯಾಗುವವರಿಗೆ ಐದು ಬೆರಳು ಬಿಡಿಬಿಡಿಯಾಗಿರುವ ಗ್ಲೌಸಿಗಿಂತ, ನಾಲ್ಕೂ ಬೆರಳು ಒಟ್ಟಿಗೆ ಇರುವ ಮಿಟನ್ ಬೆಚ್ಚಗಿರುತ್ತದೆ.

ಹೊಸದಾಗಿ ಬಿದ್ದ ಹಿಮ ಅಷ್ಟು ಜಾರುವುದಿಲ್ಲ. ಅದು ಕರಗಿ ರಾತ್ರಿ ಮತ್ತೆ ಗಟ್ಟಿಯಾದರೆ ಅಪಾಯ. ಬ್ಲ್ಯಾಕ್ ಐಸ್ ಅನ್ನುವ ತೆಳು ಪದರ ಕಣ್ಣಿಗೇ ಕಾಣುವುದಿಲ್ಲ, ರಸ್ತೆ ಬರೀ ಒದ್ದೆಯಾಗಿದೆ ಅನಿಸುತ್ತದೆ. ಸೇತುವೆಯ ಮೇಲೆ, ಕಟ್ಟಡದ ನೆರಳಲ್ಲಿ ಹುಷಾರು. ಚಿಕ್ಕ ಹೆಜ್ಜೆ ಇಡಿ, ಪಾದ ಪೂರ್ತಿ ಊರಿ, ಕೈ ಜೇಬಿನಿಂದ ಹೊರಗಿರಲಿ.

ಫೋನಿನಲ್ಲಿ ಹವಾಮಾನ ನೋಡುವಾಗ ಗಾಳಿಯನ್ನೂ ನೋಡಿ. ಮೈನಸ್ 10 ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ತಾಗುವುದು ಮೈನಸ್ 20ರ ಚಳಿ. ಕಿವಿ, ಮೂಗು, ಬೆರಳ ತುದಿ ಬಿಳಿಚಿಕೊಂಡು ಸ್ಪರ್ಶ ಗೊತ್ತಾಗದಿದ್ದರೆ ತಕ್ಷಣ ಒಳಗೆ ಹೋಗಿ. ಉಜ್ಜಬೇಡಿ. ಹೀಟರಿಗೂ ಹಿಡಿಯಬೇಡಿ, ಮರಗಟ್ಟಿದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ. ಸ್ಪರ್ಶ ವಾಪಸ್ ಬರದಿದ್ದರೆ ಆಸ್ಪತ್ರೆಗೇ ಹೋಗಬೇಕು. ಜೊತೆಯವರು ಚಳಿಯಲ್ಲಿ ತೊದಲತೊಡಗಿದರೆ, ತಡವರಿಸಿದರೆ, ನಡುಗುತ್ತಿದ್ದವರು ನಡುಗುವುದನ್ನೇ ನಿಲ್ಲಿಸಿ ಮಂಕಾದರೆ, ಸುಧಾರಿಸಿತು ಅಂದುಕೊಳ್ಳಬೇಡಿ. ಮೈ ಬಿಸಿ 35 ಡಿಗ್ರಿಗಿಂತ ಕೆಳಗೆ ಹೋಗಿರಬಹುದು. ಯುರೋಪಿನಲ್ಲಿ 112, ಬ್ರಿಟನ್ನಿನಲ್ಲಿ 999, ಅಮೆರಿಕ, ಕೆನಡಾದಲ್ಲಿ 911ಕ್ಕೆ ಫೋನ್ ಮಾಡಿ. ಕುಡಿದರೆ ಬೆಚ್ಚಗಾಗುತ್ತದೆ ಅನ್ನುವ ಮಾತನ್ನು ನಂಬಲೇಬೇಡಿ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ.

ಈಗ ಕೋಣೆಗೆ ಬರೋಣ. ನನಗೆ ಹೆಚ್ಚು ಚಿಂತೆಯಾಗುವುದು ಇಲ್ಲೇ. ಮಕ್ಕಳು ಚಳಿ ಅಂತ ಕಿಟಕಿ ತೆಗೆಯುವುದೇ ಇಲ್ಲ. ಒಳಗೇ ಅಡುಗೆ, ಸ್ನಾನ, ಬಟ್ಟೆ ಒಣಹಾಕುವುದು. ಅಷ್ಟೂ ಹಬೆ ಎಲ್ಲಿ ಹೋಗಬೇಕು ಹೇಳಿ? ತಣ್ಣನೆ ಗೋಡೆಗೆ ಹೋಗಿ ನೀರಾಗಿ ಕೂರುತ್ತದೆ. ಒಂದು ದಿನ ಬೀರುವಿನ ಹಿಂದೆ ನೋಡಿದರೆ ಗೋಡೆಯೆಲ್ಲ ಕಪ್ಪು ಬೂಷ್ಟು. ಆಮೇಲೆ ಕೆಮ್ಮು, ಉಬ್ಬಸ. ದಿನಕ್ಕೆ ಎರಡು ಮೂರು ಸಲ ಕಿಟಕಿಯನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಿ, ಆಗ ಹೀಟರ್ ಆರಿಸಿರಿ. ಇಡೀ ದಿನ ಒಂಚೂರು ಓರೆ ಮಾಡಿ ಬಿಡುವುದಕ್ಕಿಂತ ಇದು ಎಷ್ಟೋ ಮೇಲು, ಗಾಳಿ ಬದಲಾಗುತ್ತದೆ, ಗೋಡೆ ತಣ್ಣಗಾಗುವುದಿಲ್ಲ. ಜರ್ಮನಿಯಲ್ಲಿ ಹೀಗೆ ಗಾಳಿಯಾಡಿಸಬೇಕು ಅಂತ ಎಷ್ಟೋ ಬಾಡಿಗೆ ಕರಾರಿನಲ್ಲೇ ಬರೆದಿರುತ್ತದೆ. ಬೀರು, ಮಂಚ ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ. ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸಿ. ಬೂಷ್ಟು ಕಂಡರೆ ಫೋಟೋ ತೆಗೆದು ಮನೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಬಾಯಿಮಾತಿನಲ್ಲಿ ಬಿಡಬೇಡಿ.

ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, ಒಂದು ತಂದಿಟ್ಟುಕೊಳ್ಳಿ. ಶೇಕಡಾ 40ರಿಂದ 60ರೊಳಗೆ ಇದ್ದರೆ ಸರಿ. ಕೆನಡಾದಂಥ ಕಡೆ ಇದು ಉಲ್ಟಾ ಆಗುತ್ತದೆ. ಬಿಸಿಗಾಳಿ ಊದುವ ಹೀಟಿಂಗಿನಿಂದ ಕೋಣೆ ಅತಿಯಾಗಿ ಒಣಗಿ ಮೂಗಿನಲ್ಲಿ ರಕ್ತ, ತುಟಿ ಬಿರುಕು, ಮೈ ತುರಿಕೆ. ಅಲ್ಲಿ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಬೇಕಾಗಬಹುದು. ಸ್ನಾನಕ್ಕೆ ಕುದಿಯುವಂಥ ನೀರು ಬೇಡ, ಮೈ ಒರೆಸಿದ ಕೂಡಲೇ ಮಾಯಿಶ್ಚರೈಸರ್ ಹಚ್ಚಿ.

ಬಿಲ್ಲಿಗೆ ಹೆದರಿ ಹೀಟಿಂಗ್ ಪೂರ್ತಿ ಬಂದ್ ಮಾಡುವ ಮಕ್ಕಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ನ್ಯೂಜಿಲೆಂಡಿನ ಡ್ಯುನೆಡಿನ್ ಕಡೆ ಓದಲು ಹೋಗುವವರು ಇದನ್ನು ಮೊದಲೇ ತಿಳಿದಿರಿ, ಅಲ್ಲಿ ಚಳಿಗಾಲ ಜೂನಿನಿಂದ ಆಗಸ್ಟ್, ವಿದ್ಯಾರ್ಥಿಗಳ ಹಳೇ ಮನೆಗಳು ಒಳಗೇ ಹೊರಗಿನಷ್ಟು ಕೊರೆಯುತ್ತವೆ. ಕೋಣೆಗೆ ಪ್ರತ್ಯೇಕ ಹೀಟರ್ ತಂದರೆ ಅದರ ಪ್ಲಗ್ ನೇರ ಗೋಡೆಯ ಸಾಕೆಟ್ಟಿಗೇ ಇರಲಿ, ಎಕ್ಸ್‌ಟೆನ್ಷನ್ ಬೋರ್ಡಿಗೆ ಬೇಡ. ಹಾಸಿಗೆ, ಪರದೆಯಿಂದ ಒಂದು ಮೀಟರ್ ದೂರ. ಮಲಗುವ ಮುಂಚೆ ಆರಿಸಿ. ಬೆಚ್ಚಗಾಗಲಿ ಅಂತ ಗ್ಯಾಸ್ ಒಲೆ ಉರಿಸುವುದು, ಇದ್ದಿಲು ಹಚ್ಚುವುದು ಎಂದಿಗೂ ಬೇಡ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರು ಏಳುವುದಿಲ್ಲ. ರಜೆಗೆ ಊರು ಬಿಟ್ಟಾಗಲೂ ಹೀಟಿಂಗ್ ಸಣ್ಣಗೆ ಇರಲಿ, ಇಲ್ಲದಿದ್ದರೆ ಪೈಪಿನ ನೀರು ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ.

ಕೊನೆಗೆ ಕತ್ತಲೆ. ಬಟ್ಟೆ ಕೊಂಡು ಚಳಿ ಗೆಲ್ಲಬಹುದು, ಕತ್ತಲೆಯನ್ನು ಹಾಗೆ ಗೆಲ್ಲಲಾಗುವುದಿಲ್ಲ. ಡಿಸೆಂಬರಿನಲ್ಲಿ ಎಡಿನ್‌ಬರೋದಲ್ಲಿ ಹಗಲು ಸುಮಾರು 7 ಗಂಟೆ, ಹೆಲ್ಸಿಂಕಿಯಲ್ಲಿ 6 ಗಂಟೆಯೂ ಇಲ್ಲ. ಅಕ್ಟೋಬರ್ ಕೊನೆಯ ಭಾನುವಾರ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಸಂಜೆ ಇದ್ದಕ್ಕಿದ್ದಂತೆ ಮಾಯ. ಅಲ್ಲಿಂದ ಎಷ್ಟು ನಿದ್ದೆ ಮಾಡಿದರೂ ಸಾಲದು, ಸುಮ್ನೆ ತಿನ್ನಬೇಕು ಅನಿಸುತ್ತದೆ, ಕ್ಲಾಸಿಗೆ ಹೋಗಲು ಮನಸ್ಸಿಲ್ಲ. ಇದು ಸೋಮಾರಿತನ ಅಲ್ಲ ಮಕ್ಕಳೇ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಡಾಕ್ಟರುಗಳು 1984ರಿಂದಲೇ ಇದಕ್ಕೆ ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಅಂತ ಹೆಸರಿಟ್ಟು ಚಿಕಿತ್ಸೆ ಕೊಡುತ್ತಿದ್ದಾರೆ. ಮೋಡವಿದ್ದರೂ ಸರಿ, ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡೆಯಿರಿ. 10,000 ಲಕ್ಸ್ (ಬೆಳಕಿನ ಅಳತೆ) ಪ್ರಖರತೆಯ ದೀಪದ ಮುಂದೆ ಬೆಳಗ್ಗೆ ಅರ್ಧ ಗಂಟೆ ಕೂರುವುದೂ ಅನೇಕರಿಗೆ ಹಿಡಿಸುತ್ತದೆ, ಕಣ್ಣಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಮಾಡಿ. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವುದನ್ನು ಎಲ್ಲರೂ ಯೋಚಿಸಲಿ ಎನ್ನುವುದು ಬ್ರಿಟನ್ನಿನ ಸರ್ಕಾರದ ಸಲಹೆ, ಕಪ್ಪು, ಕಂದು ಮೈಬಣ್ಣದವರಿಗೆ ವರ್ಷವಿಡೀ.

ಎರಡು ವಾರವಾದರೂ ಮನಸ್ಸು ಏಳದಿದ್ದರೆ ಯೂನಿವರ್ಸಿಟಿಯ ಕೌನ್ಸೆಲಿಂಗ್ ಕಡೆಗೆ ಹೋಗಿ, ಹೆಚ್ಚಿನ ಕಡೆ ವಿದ್ಯಾರ್ಥಿಗಳಿಗೆ ಬೇರೆ ಫೀಸ್ ಇರುವುದಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಹಾಸ್ಟೆಲ್ ಖಾಲಿಯಾಗುತ್ತದೆ, ಆ ದಿನಗಳೇ ಬಹಳ ಕಷ್ಟ. ಯಾರು ಯಾರು ಅಲ್ಲೇ ಉಳಿಯುತ್ತಾರೆ ಅಂತ ನವೆಂಬರಿನಲ್ಲೇ ವಿಚಾರಿಸಿಟ್ಟುಕೊಂಡು, ಒಟ್ಟಿಗೆ ಊಟ ಮಾಡುವ ಏರ್ಪಾಟು ಮಾಡಿಕೊಳ್ಳಿ.