ಡ್ರ್ಯಾಗ್ ರೇಸ್‌ಗೆ ಮುಂದೆ ತೆಳ್ಳನೆ ಸ್ಟೆಪ್ನಿ ಹಾಕಬಹುದಾ?

ಬೇಡ. ಡಿಕ್ಕಿಯಲ್ಲಿರುವ ಟೆಂಪರರಿ ಸ್ಟೆಪ್ನಿಯನ್ನು ಡ್ರ್ಯಾಗ್ ರೇಸ್‌ಗೆ ಹಾಕಲೇಬೇಡಿ, ಒಂದೇ ಒಂದು ರನ್‌ಗೂ ಬೇಡ.

ಡ್ರ್ಯಾಗ್ ರೇಸ್ ಅಂದರೆ ಎರಡು ಗಾಡಿಗಳು ಅಕ್ಕಪಕ್ಕದ ಲೇನ್‌ಗಳಲ್ಲಿ ನೇರ ದಾರಿಯಲ್ಲಿ ಸ್ವಲ್ಪ ದೂರ ಓಡುವ ಪಂದ್ಯ. ಅದಕ್ಕೆ ಸ್ಟೆಪ್ನಿ ಹಾಕುವ ಯೋಚನೆ ಯಾಕೆ ಬರುತ್ತದೆ ಅಂತ ಗೊತ್ತು. ಅಮೆರಿಕದಲ್ಲಿ ಹಳೇ ಫೋರ್ಡ್ ಮಸ್ಟಾಂಗ್ 5.0 ಕಾರಿನ ಥರದ ಗಾಡಿಗಳಲ್ಲಿ ಎಂಜಿನ್ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಮುಂದಿನವು ಸುಮ್ನೆ ಉರುಳಿದರೆ ಸಾಕು. ಹಾಗಾಗಿ ಅಲ್ಲಿ ತೆಳ್ಳಗೆ, ಹಗುರವಾಗಿ ಇರುವ ಟೈರ್ ಹಾಕಿದರೆ ಗಾಡಿ ಸ್ವಲ್ಪ ಬೇಗ ಓಡುತ್ತದೆ, ಅದು ನಿಜ. ಅದಕ್ಕೆಂದೇ ಮಾಡಿದ ಟೈರ್‌ಗೆ ದುಡ್ಡು ಜಾಸ್ತಿ, ಸ್ಟೆಪ್ನಿ ಡಿಕ್ಕಿಯಲ್ಲೇ ಪುಕ್ಕಟೆ ಇದೆ, ನೋಡೋಕೂ ಹಾಗೇ ಇದೆ, ಯಾಕೆ ಹಾಕಬಾರದು ಅನ್ನಿಸುತ್ತದೆ.

ಮೊದಲು ಆ ಸ್ಟೆಪ್ನಿಯನ್ನು ಹೊರಗೆ ತೆಗೆದು ಬೆಳಕಿನಲ್ಲಿಟ್ಟು ಟೈರ್‌ನ ಪಕ್ಕದ ಗೋಡೆಯ (ಸೈಡ್‌ವಾಲ್) ಮೇಲೆ ಬರೆದದ್ದನ್ನು ಓದಿ. T125/70D15 ಅಂತೇನೋ ಇರುತ್ತದೆ. ಮೊದಲಿನ ಟಿ ಅಂದರೆ ಟೆಂಪರರಿ. 125 ಅಂದರೆ ಮಿಲಿಮೀಟರ್ ಲೆಕ್ಕದಲ್ಲಿ ಅಗಲ. ಪಕ್ಕದಲ್ಲೇ 60 ಪಿಎಸ್‌ಐ ಗಾಳಿ ಹಾಕಿ ಅಂತ ಬರೆದಿರುತ್ತದೆ, ರಿಮ್ ಮೇಲೆ ಗಂಟೆಗೆ 50 ಮೈಲಿ ಅಥವಾ 80 ಕಿ.ಮೀ. ವೇಗದ ಮಿತಿಯ ಸ್ಟಿಕ್ಕರ್ ಇರುತ್ತದೆ. ಈಗ ಲೆಕ್ಕ ಹಾಕಿ. ಕಾಲು ಮೈಲಿ, ಅಂದರೆ 402 ಮೀಟರನ್ನು 14.5 ಸೆಕೆಂಡಿನಲ್ಲಿ ಮುಗಿಸುವ ಗಾಡಿ ಕೊನೆಯ ಗೆರೆ ದಾಟುವಾಗ ಗಂಟೆಗೆ 150 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಕೆಲವು ಸ್ಟೆಪ್ನಿ ಮೇಲೆ ಎಂ ಅನ್ನುವ ವೇಗದ ಗುರುತು ಇರುತ್ತದೆ, ಅಂದರೆ 130 ಕಿ.ಮೀ., ಅದನ್ನೇ ತೋರಿಸಿ ವಾದ ಮಾಡುವವರೂ ಇದ್ದಾರೆ. ಆ ಲೆಕ್ಕ ಹಿಡಿದರೂ ನೀವು ಮಿತಿ ದಾಟಿಯಾಯಿತು.

ಅದಕ್ಕಿಂತ ದೊಡ್ಡ ಅಪಾಯ ಗೆರೆ ದಾಟಿದ ಮೇಲೆ. ಬ್ರೇಕ್ ಒತ್ತಿದ ತಕ್ಷಣ ಗಾಡಿಯ ಭಾರ ಮುಂದಕ್ಕೆ ಬಂದು ಕೂರುತ್ತದೆ, ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಎರಡು ಟೈರ್‌ಗಳದ್ದೇ. ಅಲ್ಲಿ ನಾಲ್ಕೈದು ಇಂಚು ಅಗಲದ ಗಟ್ಟಿ ರಬ್ಬರ್ ಇದ್ದರೆ ಚಕ್ರ ಬೇಗ ಲಾಕ್ ಆಗುತ್ತದೆ. ಲಾಕ್ ಆದ ಚಕ್ರಕ್ಕೆ ಸ್ಟೀರಿಂಗ್ ಮಾತು ಕೇಳಿಸುವುದಿಲ್ಲ. ಪಕ್ಕದ ಲೇನ್‌ನಲ್ಲಿ ಇನ್ನೊಬ್ಬರಿದ್ದಾರೆ, ಅದು ನೆನಪಿರಲಿ.

ಸ್ಟೆಪ್ನಿಯ ವಯಸ್ಸನ್ನೂ ನೋಡಿ. ಟೈರ್ ಪಕ್ಕದಲ್ಲಿ DOT (ಡಾಟ್) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಮುಂದಿನೆರಡು ವರ್ಷ. 2309 ಅಂದರೆ 2009ರ 23ನೇ ವಾರ. ಟ್ರೆಡ್, ಅಂದರೆ ರಸ್ತೆಗೆ ತಾಗುವ ಗೀರುಗಳ ಭಾಗ, ಹೊಸದರಂತೆ ಕಂಡರೂ ಡಿಕ್ಕಿಯ ಬಿಸಿಯಲ್ಲಿ ವರ್ಷಗಟ್ಟಲೆ ಕೂತ ರಬ್ಬರ್ ಒಳಗೊಳಗೇ ಹಾಳಾಗಿರುತ್ತದೆ. ಗಾಳಿಯೂ ಸದ್ದಿಲ್ಲದೆ ಇಳಿದಿರುತ್ತದೆ.

ಇಷ್ಟಾದ ಮೇಲೂ ಹಾಕುತ್ತೇನೆ ಅಂದರೆ ಟ್ರ್ಯಾಕ್‌ನಲ್ಲಿ ತಡೆಯುತ್ತಾರೆ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆಯಾದ ಎನ್‌ಎಚ್‌ಆರ್‌ಎ ನಿಯಮದಲ್ಲಿ ಟೆಂಪರರಿ ಸ್ಟೆಪ್ನಿ, ಸ್ಪೇಸ್ ಸೇವರ್ (ಜಾಗ ಉಳಿಸುವ ಸಣ್ಣ ಸ್ಟೆಪ್ನಿ), ಟ್ರ್ಯಾಕ್ಟರ್ ಥರದ ಕೃಷಿ ಯಂತ್ರಗಳ ಟೈರ್, ಟ್ರೈಲರ್‌ಗೆ ಮಾತ್ರ ಅಂತ ಬರೆದ ಟೈರ್, ಎಲ್ಲಕ್ಕೂ ನಿಷೇಧ ಇದೆ. ಸಾಮಾನ್ಯ ರಸ್ತೆ ಟೈರ್‌ಗೆ ಕನಿಷ್ಠ 1/16 ಇಂಚು, ಅಂದರೆ ಸುಮಾರು 1.6 ಮಿ.ಮೀ. ಟ್ರೆಡ್ ಇರಲೇಬೇಕು.

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಶುರುವಿನ ಗೆರೆಯಲ್ಲಿ ಬೆಳಕಿನ ಕಿರಣವನ್ನು ತಡೆಯುವುದು ಮುಂದಿನ ಟೈರ್, ಅದು ಕಿರಣದಿಂದ ಆಚೆ ಹೋದಾಗ ಗಡಿಯಾರ ಶುರು. ಟೈರ್ ಎತ್ತರವಿದ್ದರೆ ಗಡಿಯಾರ ಶುರುವಾಗುವ ಮುಂಚೆ ಗಾಡಿ ಸ್ವಲ್ಪ ಜಾಸ್ತಿ ಉರುಳಿ ವೇಗ ಹಿಡಿದಿರುತ್ತದೆ. ಮೇಲಿನ ಅಳತೆಯ ಸ್ಟೆಪ್ನಿ ಎತ್ತರ ಸುಮಾರು 556 ಮಿ.ಮೀ., ಹಳೇ ಮಸ್ಟಾಂಗ್‌ನ 225/60 15 ಟೈರ್‌ದು 651. ಹಗುರ ಮಾಡಿ ಗಳಿಸಿದ್ದರಲ್ಲಿ ಒಂದಷ್ಟನ್ನು ಇಲ್ಲೇ ಕಳೆದುಕೊಳ್ಳುತ್ತೀರಿ.

ಹಾಗಾದರೆ ಏನು ಮಾಡೋದು? ಖರ್ಚಿಲ್ಲದ ದಾರಿ ಮೊದಲು. ಇರುವ ಮುಂದಿನ ಟೈರ್ ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ, ರೇಸ್ ದಿನ ಗಾಳಿಯನ್ನು ಸ್ವಲ್ಪ ಏರಿಸಿ, ಪಕ್ಕದ ಗೋಡೆಯಲ್ಲಿ ಬರೆದ ಗರಿಷ್ಠ ಮಿತಿ ಮಾತ್ರ ದಾಟಬೇಡಿ. ಮನೆಗೆ ಹೊರಡುವ ಮುಂಚೆ ಮತ್ತೆ ಇಳಿಸಿ. ಹೊಸಬರಿಗೆ ಇಷ್ಟು ಸಾಕು ಅನ್ನೋದು ನನ್ನ ಅಭಿಪ್ರಾಯ, ಹೊರಡುವ ರೀತಿ ಸರಿಯಾದರೆ ಸಿಗುವ ಲಾಭ ಯಾವ ಟೈರ್‌ನಿಂದಲೂ ಸಿಗುವುದಿಲ್ಲ. ದುಡ್ಡು ಹಾಕುವುದೇ ಆದರೆ ಡ್ರ್ಯಾಗ್‌ಗೆಂದೇ ಮಾಡಿದ ಮುಂದಿನ ಟೈರ್ ತಗೊಳ್ಳಿ. ಮಿಕಿ ಥಾಂಪ್ಸನ್, ಹೂಸಿಯರ್ ಕಂಪನಿಗಳು ಮಾಡುತ್ತವೆ. 26 ಇಂಚು ಎತ್ತರದ್ದು ಸಿಗುತ್ತದೆ, ಜೊತೆಗೆ ಅದಕ್ಕೆ ಹೊಂದುವ ಸಪೂರ ರಿಮ್. ಅವನ್ನು ಹಾಕಿಕೊಂಡು ರಸ್ತೆಗೆ ಇಳಿಯಬೇಡಿ, ಮಳೆ ಬಂದರಂತೂ ಬೇಡವೇ ಬೇಡ.

ಹೊಸ ರಿಮ್ ಹಾಕಿದಾಗ ಎರಡು ಪರೀಕ್ಷೆ ಮಾಡಲೇಬೇಕು. ಜ್ಯಾಕ್ ಮೇಲೆ ಇರುವಾಗಲೇ ಚಕ್ರವನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಬ್ರೇಕ್ ಕ್ಯಾಲಿಪರ್‌ಗೆ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ತಾಗಬಾರದು. ಆಮೇಲೆ ನಟ್. ಬೋಲ್ಟ್ ಎಷ್ಟು ದಪ್ಪವೋ ಅಷ್ಟು ಉದ್ದ ಥ್ರೆಡ್‌ನಲ್ಲಿ ನಟ್ ಕಚ್ಚಿರಬೇಕು ಅನ್ನೋದು ನಿಯಮ. ಅರ್ಧ ಇಂಚಿನ ಬೋಲ್ಟ್‌ನಲ್ಲಿ ಇಂಚಿಗೆ 20 ಥ್ರೆಡ್ ಇದ್ದರೆ, ಚಕ್ರ ಕೂತ ಮೇಲೆ ನಟ್ ಥ್ರೆಡ್ ಹಿಡಿದ ಕ್ಷಣದಿಂದ ಬಿಗಿಯಾಗುವ ತನಕ ಕನಿಷ್ಠ 10 ಸುತ್ತು ಬರಬೇಕು. ಆರೇ ಸುತ್ತಿಗೆ ನಿಂತಿತಾ, ಉದ್ದ ಬೋಲ್ಟ್ ಹಾಕಿಸಿ.

ಸ್ಟೆಪ್ನಿಯ ಕೆಲಸ ಬೇರೆ. ಟ್ರ್ಯಾಕ್‌ನಲ್ಲಿ ಹಿಂದಿನ ಟೈರ್ ಪಂಕ್ಚರ್ ಆಗಿ ಮನೆಗೆ ಹೋಗಬೇಕಾದರೆ ಅದನ್ನು ನೇರವಾಗಿ ಹಿಂದೆ ಹಾಕಬೇಡಿ. ಎರಡು ಕಡೆ ಎತ್ತರ ಬೇರೆಬೇರೆಯಾದರೆ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಭಾಗ) ದಾರಿಯುದ್ದಕ್ಕೂ ದುಡಿದು ಬಿಸಿಯಾಗುತ್ತದೆ. ಮುಂದಿನ ಒಂದು ದೊಡ್ಡ ಟೈರನ್ನು ಹಿಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಮುಂದೆ ಹಾಕಿ, 60 ಪಿಎಸ್‌ಐ ಗಾಳಿ ಇದೆಯಾ ಅಂತ ಗೇಜ್ ಹಿಡಿದು ನೋಡಿ, 80ರ ಒಳಗೇ ಓಡಿಸಿ.