ಫುಟ್‌ಬಾಲ್ ತಂಡಕ್ಕೆ ಯೋ-ಯೋ ಪರೀಕ್ಷೆ ಮಾಡಿಸುವುದು ಹೇಗೆ

ಯೋ-ಯೋ ಎಂಬ ಹೆಸರು ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಬಿದ್ದದ್ದು ಕ್ರಿಕೆಟ್ ಸುದ್ದಿಗಳಿಂದ. ಯಾರು 16.1 ಎಂಬ ಅಂಕ ದಾಟಿದರು, ಯಾರು ದಾಟಲಿಲ್ಲ ಎಂಬುದೇ ಆಗ ದೊಡ್ಡ ಚರ್ಚೆ. ಆದರೆ ಇದನ್ನು ರೂಪಿಸಿದವರು ಡೆನ್ಮಾರ್ಕಿನ ಶರೀರಕ್ರಿಯಾ ವಿಜ್ಞಾನಿ ಯೆನ್ಸ್ ಬಾಂಗ್ಸ್‌ಬೊ, ಅವರ ಕ್ಷೇತ್ರ ಫುಟ್‌ಬಾಲ್. 90 ನಿಮಿಷದಲ್ಲಿ ಆಟಗಾರ 10ರಿಂದ 12 ಕಿಲೋಮೀಟರ್ ಕ್ರಮಿಸುತ್ತಾನೆ, ಆದರೆ ಒಂದೇ ವೇಗದಲ್ಲಲ್ಲ. ಓಡುತ್ತಾನೆ, ತಿರುಗುತ್ತಾನೆ, ನಡೆಯುತ್ತಾನೆ, ಮತ್ತೆ ಓಡುತ್ತಾನೆ. ಓಟದ ನಡುವಿನ ಚಿಕ್ಕ ಬಿಡುವಿನಲ್ಲಿ ದೇಹ ಎಷ್ಟು ಚೇತರಿಸಿಕೊಳ್ಳುತ್ತದೆ ಎಂಬುದನ್ನೇ ಈ ಪರೀಕ್ಷೆ ಕೇಳುತ್ತದೆ. ಕ್ರೀಡಾ ವಿಜ್ಞಾನದ ವಿದ್ಯಾರ್ಥಿ ಮೈದಾನದಲ್ಲಿ ಮೊದಲು ಕಲಿಯಬೇಕಾದ ಪರೀಕ್ಷೆ ಇದೇ ಎಂಬುದು ನಮ್ಮ ಅಭಿಪ್ರಾಯ.

ಯೋ-ಯೋದಲ್ಲಿ ಹಲವು ಬಗೆಗಳಿವೆ. ಇಲ್ಲಿ ಹೇಳುತ್ತಿರುವುದು ಇಂಟರ್ಮಿಟೆಂಟ್ ರಿಕವರಿ, ಲೆವೆಲ್ 1: ಬೀಪ್ ಸದ್ದಿಗೆ ಸರಿಯಾಗಿ 20 ಮೀಟರ್ ಹೋಗಿ ಬರುವುದು ಒಂದು ಸುತ್ತು, ಪ್ರತಿ ಸುತ್ತಿನ ನಂತರ ಚಿಕ್ಕ ಬಿಡುವು, ಹಂತ ಹಂತವಾಗಿ ವೇಗ ಏರುತ್ತದೆ. ಲೆವೆಲ್ 2 ಗಂಟೆಗೆ 13 ಕಿ.ಮೀ. ವೇಗದಲ್ಲೇ ಶುರುವಾಗುತ್ತದೆ, ಕಾಲೇಜು ತಂಡಕ್ಕೆ ಅದು ಬೇಡ. ಶಾಲೆಗಳಲ್ಲಿ ಮಾಡಿಸುವ ಬೀಪ್ ಟೆಸ್ಟ್ ಬೇರೆಯೇ. ಅದರಲ್ಲಿ ನಡುವೆ ಬಿಡುವಿಲ್ಲ. ಇವುಗಳ ಅಂಕಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲಾಗದು.

ಮೊದಲು ಅಳತೆ. ಉಕ್ಕಿನ ಅಥವಾ ಹಿಗ್ಗದ ಟೇಪನ್ನು ಬಿಗಿಯಾಗಿ ಎಳೆದು 20 ಮೀಟರ್ ಗುರುತಿಸಿ, ಎರಡೂ ತುದಿಗೆ ಸುಣ್ಣದ ಗೆರೆ ಹಾಕಿ. ಆರಂಭದ ಗೆರೆಯ ಹಿಂದೆ 5 ಮೀಟರ್ ದೂರದಲ್ಲಿ ಇನ್ನೊಂದು ಕೋನ್. ಒಬ್ಬೊಬ್ಬರಿಗೆ 2 ಮೀಟರ್ ಅಗಲದ ಓಣಿ. ಹೆಜ್ಜೆ ಹಾಕಿ ಅಳೆಯುವ ಅಭ್ಯಾಸವನ್ನು ಇಲ್ಲಿ ಬಿಟ್ಟುಬಿಡಿ. 20ರ ಬದಲು 19.5 ಮೀಟರ್ ಆಯಿತೆನ್ನಿ: ಬೀಪ್ ಹೇಳುವ ವೇಗ 16 ಕಿ.ಮೀ. ಆಗಿದ್ದಾಗ ಆಟಗಾರ ನಿಜಕ್ಕೂ ಓಡುವುದು 15.6ರಲ್ಲಿ. ಹಂತದಿಂದ ಹಂತಕ್ಕೆ ವೇಗ ಏರುವುದೇ ಅರ್ಧ ಕಿ.ಮೀ. ಅಂದರೆ ಹೆಚ್ಚುಕಡಿಮೆ ಒಂದಿಡೀ ಹಂತವನ್ನು ನೀವು ಪುಕ್ಕಟೆ ಕೊಟ್ಟ ಹಾಗೆ.

ಎರಡನೆಯದು ಧ್ವನಿ. ಫೋನಿನಲ್ಲಿ ಸಿಗುವ ಆಡಿಯೊವನ್ನು ಸ್ಟಾಪ್‌ವಾಚ್ ಹಿಡಿದು ಪರೀಕ್ಷಿಸದೆ ಬಳಸಬೇಡಿ. ಹೋಗಿ ಬರುವ 40 ಮೀಟರಿಗೆ 10 ಕಿ.ಮೀ. ವೇಗದಲ್ಲಿ 14.4 ಸೆಕೆಂಡ್, 12ರಲ್ಲಿ 12, 15ರಲ್ಲಿ 9.6, 16ರಲ್ಲಿ 9 ಸೆಕೆಂಡ್ ಬರಬೇಕು. ಪ್ರತಿ ಸುತ್ತಿನ ನಡುವೆ 10 ಸೆಕೆಂಡ್ ಬಿಡುವು. ಸ್ಪೀಕರನ್ನು ಓಣಿಗಳ ನಡುಭಾಗಕ್ಕೆ ಇಡಿ. ಒಂದು ತುದಿಯಲ್ಲಿಟ್ಟರೆ ಗಾಳಿಯಿದ್ದ ದಿನ ಇನ್ನೊಂದು ತುದಿಯವರಿಗೆ ಬೀಪ್ ಕೇಳಿಸದು.

ಸುತ್ತುಗಳ ಲೆಕ್ಕ ಹೀಗೆ: 10 ಕಿ.ಮೀ. ವೇಗದಲ್ಲಿ ಒಂದು, 12ರಲ್ಲಿ ಒಂದು, 13ರಲ್ಲಿ ಎರಡು, 13.5ರಲ್ಲಿ ಮೂರು, 14ರಲ್ಲಿ ನಾಲ್ಕು. ಇಲ್ಲಿಗೆ 440 ಮೀಟರ್. ಆಮೇಲೆ 14.5ರಿಂದ ಮೊದಲ್ಗೊಂಡು ಪ್ರತಿ ಎಂಟು ಸುತ್ತಿಗೆ ಅರ್ಧ ಕಿ.ಮೀ. ಏರಿಕೆ. ಹಂತಗಳ ಹೆಸರು 5, 9, 11, 12, 13, 14 ಎಂದು ಸಾಗುವುದರಿಂದ ಗೊಂದಲವಾಗುತ್ತದೆ. ಆದ್ದರಿಂದ ಹಾಳೆಯಲ್ಲಿ ಹಂತದ ಜೊತೆ ಮೀಟರನ್ನೂ ಬರೆಯಿರಿ. ಆ ಪ್ರಸಿದ್ಧ 16.1 ಎಂದರೆ 16 ಎಂಬ ಹಂತದ ಮೊದಲ ಸುತ್ತು; ಅಲ್ಲಿಗೆ ಒಟ್ಟು 28 ಸುತ್ತು, 1,120 ಮೀಟರ್, ಬಿಡುವೂ ಸೇರಿ ಒಂಬತ್ತು ನಿಮಿಷಕ್ಕಿಂತ ತುಸು ಹೆಚ್ಚು.

ಓಡಿಸುವ ಮುನ್ನ ಜ್ವರ, ಎದೆನೋವು, ತಲೆಸುತ್ತು ಇದೆಯೇ ಎಂದು ಒಬ್ಬೊಬ್ಬರನ್ನೂ ಕೇಳಿ. ಇದ್ದರೆ ಆ ದಿನ ಓಟವಿಲ್ಲ, ವೈದ್ಯರು ನೋಡಬೇಕು. ಇದು ದೇಹವನ್ನು ಮಿತಿಯವರೆಗೆ ಒಯ್ಯುವ ಪರೀಕ್ಷೆ. 108ಕ್ಕೆ ಕರೆ ಮಾಡುವವರು ಯಾರು, ಆಂಬುಲೆನ್ಸ್ ಯಾವ ಗೇಟಿನಿಂದ ಬರಬೇಕು ಎಂಬುದು ಮೊದಲೇ ಗೊತ್ತಿರಲಿ. ಹಿಂದಿನ ಎರಡು ದಿನ ಪಂದ್ಯ ಅಥವಾ ಕಠಿಣ ಅಭ್ಯಾಸ ಇರಬಾರದು.

ಇನ್ನು ನಿಯಮ. ಬೀಪಿಗೆ ಹೊರಟು, ಮುಂದಿನ ಬೀಪಿನ ಹೊತ್ತಿಗೆ ಆಚೆ ಗೆರೆಯಲ್ಲಿ ತಿರುಗಿ, ಮೂರನೆಯದಕ್ಕೆ ಆರಂಭದ ಗೆರೆ ಮುಟ್ಟಬೇಕು. ನಂತರ ಹಿಂದಿನ ಕೋನ್ ಸುತ್ತಿ ನಿಧಾನವಾಗಿ ಬಂದು ಗೆರೆಯಲ್ಲಿ ನಿಲ್ಲಬೇಕು. ಮೊದಲ ಸಲ ತಡವಾದರೆ ಎಚ್ಚರಿಕೆ, ಎರಡನೇ ಸಲ ಹೊರಗೆ.

ಕಾಗದದಲ್ಲಿ ಇಷ್ಟು ಸರಳ, ಮೈದಾನದಲ್ಲಿ ಅಲ್ಲ. ದಣಿದ ಆಟಗಾರ ಗೆರೆಗೆ ಒಂದು ಹೆಜ್ಜೆ ಮೊದಲೇ ತಿರುಗುತ್ತಾನೆ. ಬಿಡುವಿನಿಂದ ಬಂದವನು ನಿಲ್ಲದೆ ಚಲನೆಯಲ್ಲೇ ಹೊರಡುತ್ತಾನೆ, ಪ್ರತಿ ಸುತ್ತಿಗೂ ಒಂದಿಷ್ಟು ಲಾಭ ಗಿಟ್ಟಿಸುತ್ತಾನೆ. ಹಾಗಾಗಿ ಆಚೆ ಗೆರೆಯಲ್ಲೂ ಒಬ್ಬರು ನಿಂತಿರಲೇಬೇಕು. ಒಬ್ಬ ಲೆಕ್ಕಿಗನಿಗೆ ನಾಲ್ಕಕ್ಕಿಂತ ಹೆಚ್ಚು ಆಟಗಾರರು ಬೇಡ. ಗೆಳೆಯನ ಅಂಕವನ್ನು ಗೆಳೆಯನೇ ಬರೆಯುವಂತೆ ಬಿಡಬೇಡಿ. ತಡವಾದ ಕೊನೆಯ ಸುತ್ತನ್ನು ಸೇರಿಸಬೇಕೇ ಬಿಡಬೇಕೇ ಎಂಬುದನ್ನು ಮೊದಲೇ ತೀರ್ಮಾನಿಸಿ, ವರ್ಷವಿಡೀ ಅದನ್ನೇ ಪಾಲಿಸಿ.

ನೆಲ, ಬೂಟು, ಹೊತ್ತು ಮೂರೂ ಪ್ರತಿ ಬಾರಿ ಒಂದೇ ಆಗಿರಲಿ. ಮಂಗಳೂರಿನ ಏಪ್ರಿಲ್ ಸಂಜೆಯ ಸೆಕೆಯಲ್ಲಿ ಓಡಿದ್ದನ್ನೂ ಬೆಂಗಳೂರಿನ ಡಿಸೆಂಬರ್ ಬೆಳಗಿನ ತಂಪಿನಲ್ಲಿ ಓಡಿದ್ದನ್ನೂ ಹೋಲಿಸಿ ಪ್ರಗತಿ ಎಂದು ಬರೆದರೆ ಅದು ಹವಾಮಾನದ ವರದಿಯಾದೀತು.

ಫಲಿತಾಂಶ ಓದುವಾಗ ಅವಸರ ಬೇಡ. ಒಬ್ಬನೇ ಆಟಗಾರ ಎರಡು ಸಲ ಓಡಿದರೂ ಸುಮಾರು ಶೇ 5ರಷ್ಟು ವ್ಯತ್ಯಾಸ ಸಹಜ. 1,600 ಮೀಟರ್ ಓಡಿದವನಿಗೆ ಅದು 80 ಮೀಟರ್, ಅಂದರೆ ಎರಡು ಸುತ್ತು. ಅಷ್ಟು ಏರಿದರೆ ತರಬೇತಿ ಫಲಿಸಿತೆಂದೂ, ಇಳಿದರೆ ಹುಡುಗ ಸೋಮಾರಿಯಾದನೆಂದೂ ಹೇಳುವಂತಿಲ್ಲ. ಗರಿಷ್ಠ ಆಮ್ಲಜನಕ ಬಳಕೆಯನ್ನು ಅಂದಾಜಿಸಲು ಒಂದು ಸೂತ್ರವಿದೆ: ಓಡಿದ ಮೀಟರನ್ನು 0.0084ರಿಂದ ಗುಣಿಸಿ 36.4 ಕೂಡಿಸಿ. 2,000 ಮೀಟರಿಗೆ 53.2 ಬರುತ್ತದೆ; ಅಳತೆ, ನಿಮಿಷಕ್ಕೆ ದೇಹತೂಕದ ಪ್ರತಿ ಕಿಲೋಗೆ ಮಿಲಿಲೀಟರ್. ತಂಡದ ಸರಾಸರಿಗೆ ಇದು ಸರಿ. ಒಬ್ಬೊಬ್ಬರ ಹೆಸರಿನ ಮುಂದೆ ದಶಾಂಶ ಸಮೇತ ಬರೆದರೆ ಇಲ್ಲದ ನಿಖರತೆಯನ್ನು ತೋರಿಸಿದಂತಾಗುತ್ತದೆ. ಮೀಟರನ್ನೇ ಬರೆಯಿರಿ, ಅದು ನೀವು ಕಣ್ಣಾರೆ ಅಳೆದದ್ದು.

ಲೀಗ್ ನಡೆಯುತ್ತಿರುವಾಗ ಪೂರ್ತಿ ಓಡಿಸುವ ಅಗತ್ಯವಿಲ್ಲ. ಎದೆಗೆ ಹೃದಯಬಡಿತದ ಪಟ್ಟಿ ಕಟ್ಟಿ 6 ನಿಮಿಷಕ್ಕೆ ನಿಲ್ಲಿಸಿ, ಆ ಕ್ಷಣದ ಬಡಿತ ಬರೆದುಕೊಳ್ಳಿ. ಅದೇ ಆಟಗಾರ, ಅದೇ 6 ನಿಮಿಷ, ಬಡಿತ ಮಾತ್ರ ಕಡಿಮೆ ಎಂದಾದರೆ ಸಾಮಾನ್ಯವಾಗಿ ಅವನ ದಮ್ಮು ಹೆಚ್ಚಿದೆ ಎಂದರ್ಥ. ಬಡಿತ ಏರಿದ್ದರೆ ತರಬೇತಿಯನ್ನು ದೂರುವ ಮೊದಲು ನಿದ್ದೆ, ನೀರು, ನೆಗಡಿಯ ಬಗ್ಗೆ ವಿಚಾರಿಸಿ.